ಗೋಲುಕಂಬದ ಹಿಂದಿನ ಮೂಲೆ

ನನ್ನ ಅಕ್ಕ ಮದುವೆಯಾಗಿ ಹೋದದ್ದು ಒಂದು ಫುಟ್‌ಬಾಲ್ ಮೈದಾನಕ್ಕೆ. ಮನೆಗೆ ಹೋದಳು ಎನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ. ಪ್ರೇಕ್ಷಕರು ಕೂರುವ ಸಿಮೆಂಟಿನ ಮೆಟ್ಟಿಲುಗಳ ಕೆಳಗೆ ಎರಡು ಕೋಣೆ. ಒಳಗೆ ನಿಂತರೆ ಅದೇ ಮೆಟ್ಟಿಲುಗಳು ತಲೆಕೆಳಗಾಗಿ ನೆತ್ತಿಯ ಮೇಲೆ ಇಳಿದು ಬರುತ್ತವೆ. ಬಾಗಿಲ ಹತ್ತಿರ ನೆಟ್ಟಗೆ ನಿಲ್ಲಬಹುದು, ಮಂಚದ ಹತ್ತಿರ ಕತ್ತು ಬಗ್ಗಿಸಬೇಕು, ಒಲೆಯ ಹತ್ತಿರ ಸೊಂಟವನ್ನೇ ಬಗ್ಗಿಸಬೇಕು. ಒಲೆಯನ್ನು ಆ ಮೂಲೆಯಲ್ಲಿ ಇಟ್ಟ ಪುಣ್ಯಾತ್ಮ ಯಾರು ಎಂದು ಕೇಳಿದರೆ ಅಕ್ಕ "ಮೊದಲಿಂದ ಅಲ್ಲೇ ಇತ್ತು" ಎನ್ನುತ್ತಾಳೆ. ಹಾಗೆ ಬಗ್ಗಿ ಬಗ್ಗಿ ಅವಳ ಸೊಂಟ ನಲವತ್ತು ದಾಟುವ ಮೊದಲೇ ಹಿಡಿದುಕೊಂಡಿತು.

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ಬೋರ್ಡು ಕಣ್ಣೆದುರಿಗೇ ನೇತಾಡುತ್ತಿದ್ದರೂ "ಬಸ್ಸು ಎಷ್ಟೊತ್ತಿಗೆ?" ಎಂದು ಕೇಳುವ ಜನರ ಜೊತೆ ಇಷ್ಟು ವರ್ಷ ಏಗಿದ ಮೇಲೆ ಯಾರಿಗಾದರೂ ಕೋಪ ಮೂಗಿನ ತುದಿಗೆ ಬಂದು ಕೂರುತ್ತದೆ. ಅಕ್ಕನಿಗೆ ಆ ಕಾಯಿಲೆ ಇಲ್ಲ. ಮನೆಗೆ ಬಂದ ಜಗಳವನ್ನೆಲ್ಲ ಚಿಕ್ಕವಳೇ ಆಡಿ ಮುಗಿಸಿಬಿಟ್ಟಳು, ದೊಡ್ಡವಳ ಪಾಲಿಗೆ ಏನೂ ಉಳಿಯಲಿಲ್ಲ ಎಂದು ನಮ್ಮಮ್ಮ ನಗುತ್ತಿದ್ದಳು. ಅಮ್ಮ ನಗುತ್ತಿದ್ದಳು, ನನಗೆ ಮಾತ್ರ ಅದರಲ್ಲಿ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ.

ಭಾವ ಆ ಮೈದಾನವನ್ನು ನೋಡಿಕೊಳ್ಳುವವರು. ಅದು ಊರಿನ ಒಂದು ಕ್ರೀಡಾ ಸಂಘದ್ದು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ರೋಲರ್ ಎಳೆಯುವುದು, ಸುಣ್ಣದ ಗೆರೆ ಹಾಕುವುದು ಅವರ ಕೆಲಸ. ಆಟಗಾರರು ಅವರನ್ನು "ಹುಲ್ಲು ಮೇಷ್ಟ್ರು" ಎಂದು ಕರೆಯುತ್ತಾರೆ, ಹಾಗೆ ಕರೆದರೆ ಅವರು ಒಳಗೊಳಗೇ ಉಬ್ಬುತ್ತಾರೆ. ಬೆಳಕು ಹರಿಯುವ ಮೊದಲೇ ಕುಕ್ಕರುಗಾಲಿನಲ್ಲಿ ಕೂತು, ಕೈಯಲ್ಲಿ ಒಂದು ಚೂಪು ಕಬ್ಬಿಣ ಹಿಡಿದು, ಅಂಗುಲ ಅಂಗುಲ ಜರುಗುತ್ತ ಕಳೆ ಕೀಳುವುದು ಅವರ ದಿನಚರಿ. ಅಗಲ ಎಲೆಯದ್ದು ಏನು ಕಂಡರೂ ಅದು ಕಳೆ. ಹೂವು ಬಿಟ್ಟಿದ್ದರೂ ಕಳೆ. ಹುಲ್ಲು ಒಂದೇ ಗಿಡ, ಮಿಕ್ಕಿದ್ದೆಲ್ಲ ಕಳ್ಳರು.

ಅವರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಭಾವ ಕೈ ಚಾಚಿ ಮೈದಾನ ತೋರಿಸುತ್ತಿದ್ದರು. "ಇದೇ ನನ್ನ ಮಗು" ಎನ್ನುತ್ತಿದ್ದರು. ಕೇಳಿದವರು ತಲೆದೂಗುತ್ತಿದ್ದರು. ಪಕ್ಕದಲ್ಲಿ ಆಟಗಾರರ ಕೆಸರಿನ ಅಂಗಿಗಳನ್ನು ಒಗೆಯುತ್ತ ನಿಂತಿರುತ್ತಿದ್ದ ಅಕ್ಕನಿಗೆ ಕೈ ಚಾಚಿ ತೋರಿಸಲು ಏನೂ ಇರಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಒಂದೇ. ಒಂದು ತುಂಡು ನೆಲ. ಎದುರಿಗೆ ಅಷ್ಟು ದೊಡ್ಡ ಬಯಲು ಬಿದ್ದುಕೊಂಡಿದೆ, ನೀರಿದೆ, ಬಿಸಿಲಿದೆ, ಇದರಲ್ಲಿ ಒಂದು ಮೂಲೆ ಕೊಟ್ಟರೆ ನಾಲ್ಕು ಗಿಡ ಹಾಕಿಕೊಳ್ಳುತ್ತೇನೆ ಎಂದು ಮದುವೆಯಾದ ವರ್ಷದಿಂದ ಕೇಳುತ್ತ ಬಂದಳು. ಉತ್ತರದ ಗೋಲುಕಂಬದ ಹಿಂದೆ, ಓಟದ ದಾರಿಯ ಆಚೆ, ಗೋಡೆಗೆ ಅಂಟಿಕೊಂಡ ಒಂದು ಮೂಲೆ ಇದೆ. ಹಿಂದೆ ಯಾವಾಗಲೋ ಉದ್ದಜಿಗಿತಕ್ಕೆ ಮರಳು ತುಂಬಿದ್ದರಂತೆ, ಆಮೇಲೆ ಅದೂ ಮುಚ್ಚಿಹೋಯಿತು. ಚೆಂಡು ಕೂಡ ದಾರಿ ತಪ್ಪಿದರೆ ಮಾತ್ರ ಅಲ್ಲಿಗೆ ಹೋಗುತ್ತದೆ. ಅದನ್ನು ಕೊಡಿಸಿ ಎಂದಳು. ಭಾವ ಪ್ರತಿ ಸಲವೂ ಹೇಳಿದ್ದು ಒಂದೇ ಮಾತು. "ಸಂಘದವರು ಒಪ್ಪೋದಿಲ್ಲ."

ಒಂದು ಸಲ ಅಕ್ಕ ನಲ್ಲಿಯ ಪಕ್ಕದಲ್ಲಿ, ಅವರ ಕಣ್ಣಿಗೆ ಬೀಳದ ಹಾಗೆ, ಪುದೀನ ನೆಟ್ಟಳು. ಪುದೀನಕ್ಕೆ ಎಲ್ಲಿ ನಿಲ್ಲಬೇಕೆಂದು ಗೊತ್ತೇ? ಬೇರು ಬಿಟ್ಟುಕೊಂಡು ಸದ್ದಿಲ್ಲದೆ ಹುಲ್ಲಿನೊಳಗೆ ನುಗ್ಗಿತು. ಭಾವ ಅದನ್ನು ಬುಡಸಮೇತ ಅಗೆದು ತೆಗೆದರು, ಅಷ್ಟಕ್ಕೆ ಸಮಾಧಾನವಾಗದೆ ಗುಂಡಿಗೆ ಕುದಿಯುವ ನೀರು ಹೊಯ್ದರು. ಆ ನೀರು ಕಾಯಿಸಿಕೊಟ್ಟವಳು ಅಕ್ಕನೇ. ಯಾತಕ್ಕೆ ಎಂದು ಭಾವ ಹೇಳಿರಲಿಲ್ಲ. ಆ ದಿನ ನಾನು ಅಲ್ಲಿ ಇದ್ದಿದ್ದರೆ ಆ ನೀರು ಎಲ್ಲಿಗೆ ಬೀಳುತ್ತಿತ್ತು ಎಂದು ನನಗೆ ಗೊತ್ತು.

ರೋಗ ಬಂದು ಊರುಗಳಿಗೆ ಬೀಗ ಬಿದ್ದಾಗ ನಾನು ಎರಡು ದಿನದ ಮಟ್ಟಿಗೆ ಅಕ್ಕನ ಮನೆಗೆ ಬಂದವಳು ಅಲ್ಲೇ ಸಿಕ್ಕಿಬಿದ್ದೆ. ಬಸ್ಸುಗಳೇ ನಿಂತುಹೋದ ಮೇಲೆ ಬಸ್ಸಿನ ವಿಚಾರಣೆ ಮಾಡುವವರು ಯಾರು? ಎರಡು ಜೊತೆ ಬಟ್ಟೆ, ಒಂದು ಹಲ್ಲುಜ್ಜುವ ಬ್ರಷ್, ಇಷ್ಟು ಹಿಡಿದು ಬಂದವಳು ತಿಂಗಳುಗಟ್ಟಲೆ ಅಕ್ಕನ ಬಟ್ಟೆ ಉಟ್ಟುಕೊಂಡು ಆ ಮೆಟ್ಟಿಲುಗಳ ಕೆಳಗೆ ಕಳೆದೆ. ಮೊದಲ ವಾರದಲ್ಲಿ ತಲೆಗೆ ಬಿದ್ದ ಪೆಟ್ಟುಗಳಿಗೆ ಲೆಕ್ಕವಿಲ್ಲ. ಎದ್ದರೆ ಪೆಟ್ಟು, ಬಟ್ಟೆ ತೆಗೆಯಲು ಹೋದರೆ ಪೆಟ್ಟು. ಪ್ರತಿ ಪೆಟ್ಟಿಗೂ ನಾನು ಸಂಘವನ್ನು, ಸಿಮೆಂಟನ್ನು, ಭಾವನನ್ನು ಒಟ್ಟಿಗೇ ಬೈಯುತ್ತಿದ್ದೆ. ಭಾವ "ನಿನ್ನ ತಂಗಿಗೆ ಬಸ್ ಸ್ಟ್ಯಾಂಡ್ ನೆನಪಾಗಿರಬೇಕು" ಎಂದು ಅಕ್ಕನಿಗೆ ಹೇಳುತ್ತಿದ್ದರು. ಅವರಿಗೂ ಚೂರು ನಾಲಿಗೆ ಇತ್ತು, ಬೇಕಾದ ಕಡೆ ಮಾತ್ರ ಅದು ಏಳುತ್ತಿರಲಿಲ್ಲ.

ದಿನಗಳು ಒಂದರ ಹಾಗೆ ಇನ್ನೊಂದು. ಬೆಳಿಗ್ಗೆ ಗೇಟಿನ ಆಚೆ ಪೊಲೀಸರ ಸೀಟಿ, ಹಾಲಿಗೆ ನಿಂತವರು ಚೆದುರುವ ಸದ್ದು. ತರಕಾರಿ ಗಾಡಿ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಬಂದರೂ ಅದರಲ್ಲಿದ್ದದ್ದು ಬಾಡಿದ ಕೋಸು ಮತ್ತು ಮೊಳಕೆಯೊಡೆದ ಆಲೂಗಡ್ಡೆ. ಭಾವ ಹೊರಗಿನಿಂದ ಬಂದ ಪ್ರತಿಯೊಂದನ್ನೂ ಸೋಪಿನ ನೀರಿನಲ್ಲಿ ಅದ್ದಿ ಮೆಟ್ಟಿಲ ಮೇಲೆ ಒಣಗಿಸುತ್ತಿದ್ದರು. ಒಂದು ದಿನ ನಾನು ನೋಡದೇ ಹೋಗಿದ್ದರೆ ಸಕ್ಕರೆ ಪೊಟ್ಟಣವೂ ಮುಳುಗುತ್ತಿತ್ತು. ಮಿಕ್ಕ ಹೊತ್ತೆಲ್ಲ ಅವರು ಮೈದಾನದಲ್ಲೇ. ಆಡುವವರು ಒಬ್ಬರೂ ಇಲ್ಲ, ನೋಡುವವರು ಒಬ್ಬರೂ ಇಲ್ಲ, ಆದರೂ ಹುಲ್ಲು ಕತ್ತರಿಸುತ್ತಾರೆ, ರೋಲರ್ ಎಳೆಯುತ್ತಾರೆ, ಶನಿವಾರ ಬಂತೆಂದರೆ ಸುಣ್ಣದ ಗೆರೆ ಹಾಕುತ್ತಾರೆ. ಬರೀ ಹಕ್ಕಿಗಳು ಆ ಗೆರೆಗಳ ಮೇಲೆ ಓಡಾಡುತ್ತಿದ್ದವು.

ಆಗ ಅಕ್ಕ ಮತ್ತೆ ಕೇಳಿದಳು. ಊಟದ ತಟ್ಟೆಯಲ್ಲಿ ಅದೇ ಕೋಸು ಇತ್ತು.

"ರೀ, ಈಗಂತೂ ಆಟ ಇಲ್ಲ. ಆ ಹಿಂದಿನ ಮೂಲೇಲಿ ಸ್ವಲ್ಪ ಸೊಪ್ಪು ಹಾಕ್ಕೊಳ್ಳಲಾ? ಆಟ ಶುರುವಾದ್ರೆ ತೆಗೆದುಬಿಡ್ತೀನಿ."

"ಸಂಘದವರು ಒಪ್ಪೋದಿಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

"ಸಂಘದವರು ಮನೇಲಿ ಬಾಗ್ಲು ಹಾಕ್ಕೊಂಡು ಕೂತಿದಾರೆ ಭಾವ, ಅವರ ಕಣ್ಣಿಗೇನು ದುರ್ಬೀನು ಕಟ್ಟಿದೀರಾ?" ಎಂದೆ ನಾನು.

"ನಿಮಗೆ ಗೊತ್ತಾಗಲ್ಲ, ಸುಮ್ನಿರಿ. ನಾಳೆ ಯಾರಾದ್ರೂ ಬಂದು ಕೇಳಿದ್ರೆ ಈ ಮನೇನೂ ಇರಲ್ಲ, ಮೈದಾನಾನೂ ಇರಲ್ಲ."

ಅಕ್ಕ ತಟ್ಟೆ ಎತ್ತಿಕೊಂಡು ಬಗ್ಗಿ ಬಗ್ಗಿ ಒಲೆಯ ಕಡೆ ಹೋದಳು.

ಅದಾಗಿ ಒಂದು ವಾರ ಕಳೆದಿರಬೇಕು. ಸಂಘದ ಕಾರ್ಯದರ್ಶಿಯ ಫೋನು ಬಂತು. ಭಾವ ಆ ಫೋನನ್ನು ಯಾವತ್ತೂ ಕೂತು ಎತ್ತಿದವರಲ್ಲ. ಗಡಬಡಿಸಿ ಎದ್ದರು, ತಲೆಗೆ ಮೆಟ್ಟಿಲು ಬಡಿಯಿತು, ತಲೆ ಉಜ್ಜಿಕೊಳ್ಳುತ್ತಲೇ "ಸಾರ್... ಸಾರ್... ಆಗ್ಲಿ ಸಾರ್" ಎಂದರು. ವಿಷಯ ಇಷ್ಟೇ. ಸುತ್ತಲಿನ ಬೀದಿಗಳಲ್ಲಿ ರೋಗ ಬಂದ ಮನೆಗಳಿಗೆ ಹಲಗೆ ಹೊಡೆದು ಮುಚ್ಚಿದ್ದಾರೆ, ಅವರಿಗೆ ತರಕಾರಿ ಸಿಗುತ್ತಿಲ್ಲ. ಸಂಘದ ಕಡೆಯಿಂದ ಏನಾದರೂ ಮಾಡೋಣ ಎಂದು ಕಾರ್ಯದರ್ಶಿಗೆ ಅನ್ನಿಸಿದೆ. ಮೈದಾನದಲ್ಲಿ ಎಲ್ಲಾದರೂ ಸ್ವಲ್ಪ ಜಾಗ ಮಾಡಿ ತರಕಾರಿ ಬೆಳೆಯಬೇಕು.

ಫೋನು ಇಟ್ಟದ್ದೇ ತಡ, ಭಾವ ದಾರ, ಗೂಟ, ಸುಣ್ಣ ಹಿಡಿದುಕೊಂಡು ಹೊರಟರು. ಎಲ್ಲಿಗೆ? ಉತ್ತರದ ಗೋಲುಕಂಬದ ಹಿಂದಿನ ಮೂಲೆಗೆ. ಸಂಜೆಯೊಳಗೆ ಅಳತೆ ಮುಗಿದಿತ್ತು, ಮಾರನೆಯ ಮಧ್ಯಾಹ್ನಕ್ಕೆ ಅಗೆತ ಮುಗಿದಿತ್ತು. ಪೆನಾಲ್ಟಿ ಚೌಕದಷ್ಟೇ ನೀಟಾದ ಮಡಿಗಳು. ಅಕ್ಕ ಕಾಲು ಶತಮಾನ ಕೇಳಿ ಕೇಳಿ ಬಾಯಿ ಬತ್ತಿಸಿಕೊಂಡರೂ ಆಗಲಿಲ್ಲ, ಅವನ್ಯಾರೋ ಕಾರ್ಯದರ್ಶಿ ಕುರ್ಚಿಯಲ್ಲಿ ಒರಗಿಕೊಂಡು ಒಂದು ಮಾತು ಹೇಳಿದ್ದಕ್ಕೆ ಆಗಿಹೋಯಿತು. ನನ್ನ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲ ಮೇಲೆ ನಿಂತು, ಮೈಕು ಇಲ್ಲದಿದ್ದರೂ ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗಿದೆ.

"ಭಾವಾ! ನಿಮ್ಮ ಹೆಂಡ್ತಿನೂ ಒಂದು ಫೋನ್ ಮಾಡಿದ್ರೆ ಆಗ್ತಿತ್ತೇನೋ! ನಂಬರ್ ಕೊಡಿ!"

ಭಾವ ಕೇಳದವರ ಹಾಗೆ ಬಗ್ಗಿ ಹೆಂಟೆ ಒಡೆಯುತ್ತಿದ್ದರು. ಅಕ್ಕ ನನ್ನ ಕೈ ಹಿಡಿದು ಎಳೆದಳು. "ಬಿಡೇ. ಹೇಗೋ ಬಂತಲ್ಲ" ಎಂದಳು. ಅವಳ ಮುಖ ನೋಡಿ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಬೀಜದ ಅಂಗಡಿಗೆ ಬೀಗ. ಅಕ್ಕ ಅಡುಗೆ ಡಬ್ಬಿಗಳನ್ನೇ ಬಗೆದಳು. ಕೊತ್ತಂಬರಿ ಬೀಜವನ್ನು ಚಪ್ಪಲಿಯ ಅಡಿಯಲ್ಲಿ ತಿಕ್ಕಿ ಎರಡು ಹೋಳು ಮಾಡಿದಳು. ಒಣಮೆಣಸಿನಕಾಯಿ ಮುರಿದಳು, ಕೊಳೆತ ಟೊಮ್ಯಾಟೊ ಹಿಂಡಿದಳು, ಕುಂಬಳದ ಬೀಜ ಬೂದಿಯಲ್ಲಿ ಹೊರಳಿಸಿದಳು. ಗೇಟಿನ ಆಚೆ ಮನೆಯ ಹೊಲಿಗೆಯವಳು ಬದನೆ ಬೀಜವನ್ನು ಒಂದು ಗುಂಡಿ ಡಬ್ಬಿಯಲ್ಲಿ ಹಾಕಿ ಗೋಡೆಯ ಮೇಲಿಂದ ಎಸೆದಳು. ಪಾಲಕ್, ಮೂಲಂಗಿ ಎಲ್ಲಿಂದ ತಂದಳೋ ನನಗೆ ಇವತ್ತಿಗೂ ತಿಳಿಯದು. ಬಿತ್ತಿದ ಮೇಲೆ ಅವಳು ದಿನಕ್ಕೆ ಹತ್ತು ಸಲ ಹೋಗಿ ನೋಡಿ ಬರುತ್ತಿದ್ದಳು. ಅವಳ ಸೊಂಟನೋವಿನ ಮಾತೇ ಇಲ್ಲ. ಮೊಳಕೆ ಕಂಡ ದಿನ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದುಕೊಂಡು ಹೋದಳು. ಉಗುರಿನಷ್ಟು ಹಸಿರು ಎಲೆಗಳು, ಜೋಡಿ ಜೋಡಿ, ಮಣ್ಣು ಎತ್ತಿಕೊಂಡು ನಿಂತಿದ್ದವು. ಅವಳು ಕೂತು ಒಂದೊಂದನ್ನೂ ಹೆಸರು ಹಿಡಿದು ಹೇಳಿದಳು.

ಅದರ ಮುಂದಿನ ವಾರ ಆ ಅನಾಹುತ ಆಯಿತು.

ಅಕ್ಕ ನೀರಿನ ಬಕೆಟ್ ಹಿಡಿದು ಮುಂದೆ, ನಾನು ಆಕಳಿಸುತ್ತ ಹಿಂದೆ. ಮಡಿಗಳ ಹತ್ತಿರ ಬಂದಾಗ ಅಕ್ಕ ಗಕ್ಕನೆ ನಿಂತಳು. ಭಾವ ಕೊನೆಯ ಮಡಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಆ ಚೂಪು ಕಬ್ಬಿಣ. ಪಕ್ಕದ ಬುಟ್ಟಿಯಲ್ಲಿ ಮೂಲಂಗಿ, ಪಾಲಕ್, ಟೊಮ್ಯಾಟೊ, ಬದನೆ, ಕಿತ್ತ ಎಳೆ ಸಸಿಗಳ ರಾಶಿ. ಮಡಿಗಳು ನುಣ್ಣಗೆ, ಶುಭ್ರವಾಗಿ ಮಲಗಿದ್ದವು. ಅಲ್ಲೊಂದು ಇಲ್ಲೊಂದು ಎದ್ದಿದ್ದ ಹುಲ್ಲಿನ ಎಸಳುಗಳನ್ನು ಮಾತ್ರ ಜೋಪಾನವಾಗಿ ಬಿಟ್ಟಿದ್ದರು. ಒಂದೆರಡಕ್ಕೆ ಬುಡದ ಮಣ್ಣು ಕೂಡ ಒತ್ತಿ ಕೊಟ್ಟಿದ್ದರು.

ಅಕ್ಕನ ಕೈಯಿಂದ ಬಕೆಟ್ ಜಾರಿತು. ಆ ಸದ್ದಿಗೆ ಭಾವ ತಲೆ ಎತ್ತಿದರು, ನಮ್ಮನ್ನು ನೋಡಿದರು, ಆಮೇಲೆ ಬುಟ್ಟಿಯನ್ನು ನೋಡಿದರು. ಮುಖ ಬಿಳಿಚಿಕೊಂಡಿತು.

"ಕೈ... ಕೈ ತಾನಾಗಿ ಹೋಯ್ತು ಕಣೇ. ಗೆರೆ ದಾಟಿ ಈ ಕಡೆ ಬಂದಿದ್ದೇ ಗೊತ್ತಾಗ್ಲಿಲ್ಲ."

"ಕೈಗೆ ಕಣ್ಣಿಲ್ಲ, ಸರಿ. ಕಣ್ಣಿಗೂ ಕಣ್ಣಿಲ್ವಾ ಭಾವ?" ನಾನು ಹರಿಹಾಯ್ದೆ. "ಬೇಕೂ ಅಂತ ಮಾಡಿದೀರಿ ನೀವು! ಹೊಟ್ಟೆ ಉರಿ ನಿಮಗೆ!"

ಬೇಕೆಂದು ಮಾಡಿದ್ದಲ್ಲ ಎಂದು ನನಗೂ ಗೊತ್ತಿತ್ತು. ಆ ಕೈಗೆ ಬೇರೆ ವಿದ್ಯೆಯೇ ಇಲ್ಲ. ಮಣ್ಣು ಕಂಡರೆ ಕೂರುವುದು, ಅಗಲ ಎಲೆ ಕಂಡರೆ ಕೀಳುವುದು, ಹುಲ್ಲು ಕಂಡರೆ ಉಳಿಸುವುದು. ಬೇಕೆಂದು ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ತನ್ನ ಪಾಡಿಗೆ ತಾನು ಏನೋ ಗುನುಗಿಕೊಳ್ಳುತ್ತ ಹೆಂಡತಿಯ ಸಂತೋಷವನ್ನು ಬುಟ್ಟಿ ತುಂಬ ಕಿತ್ತು ಹಾಕಿದ ಗಂಡನ ಹತ್ತಿರ ಏನೆಂದು ಜಗಳವಾಡುವುದು?

ಅಕ್ಕ ಕೂತು, ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಬೇರು ಮುರಿಯದ ಸಸಿಗಳನ್ನು ಆರಿಸಿದಳು. ಚೆಲ್ಲಿದ ನೀರಿನ ಕೆಸರಿನಲ್ಲೇ ಒಂದೊಂದಾಗಿ ಮತ್ತೆ ಊರಿದಳು. ಬಿಸಿಲು ಏರುವ ಹೊತ್ತಿಗೆ ಮುಕ್ಕಾಲು ಪಾಲು ಬಾಡಿ ತಲೆ ಬಾಗಿಸಿದ್ದವು. ಬದುಕಿದವು ಬದನೆ ನಾಲ್ಕಾರು, ಟೊಮ್ಯಾಟೊ ಒಂದಿಷ್ಟು, ಭಾವ ಇನ್ನೂ ತಲುಪದಿದ್ದ ಕುಂಬಳ. ಆಮೇಲೆ ಅವಳು ಎದ್ದು ಉಗ್ರಾಣಕ್ಕೆ ಹೋದಳು. ಪಂದ್ಯದ ದಿನ ಜನರನ್ನು ಆಚೆ ನಿಲ್ಲಿಸಲು ಕಟ್ಟುವ ಹಗ್ಗವನ್ನು ತಂದು ಮಡಿಗಳ ಸುತ್ತ ಕಟ್ಟಿದಳು.

"ಇದರೊಳಗೆ ಕಾಲಿಡ್ಬೇಡಿ" ಎಂದಳು. ಗಂಡನಿಗೆ ಅವಳು ಹೀಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಹಗ್ಗದ ಆಚೆ ನಿಂತು ಹೂಂ ಎಂದರು.

ಕಿತ್ತುಹೋದದ್ದನ್ನೆಲ್ಲ ಅವಳು ಮತ್ತೆ ಬಿತ್ತಿದಳು. ಡಬ್ಬಿಗಳಲ್ಲಿ ಮಿಕ್ಕಿದ್ದ ಬೀಜವೆಲ್ಲ ಮುಗಿಯಿತು. ಈ ಸಲ ನಾನೂ ಕಾವಲಿಗೆ ನಿಂತೆ, ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹಕ್ಕಿಗಿಂತ ಹೆಚ್ಚು ಭಾವನನ್ನೇ ಓಡಿಸಿದೆ. ಅವರು ಸುಮ್ಮನೆ ನೋಡಲು ಬಂದರೂ "ಕೈ ಹಿಂದೆ ಕಟ್ಕೊಂಡು ನೋಡಿ ಭಾವ" ಎನ್ನುತ್ತಿದ್ದೆ. ಕಟ್ಟಿಕೊಳ್ಳುತ್ತಿದ್ದರು, ಪಾಪ. ಪಾಪ ಎಂದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ತೋಟ ಎದ್ದಿತು. ಏನೇನೂ ಕಮ್ಮಿ ಇಲ್ಲದ ಹಾಗೆ ಎದ್ದಿತು. ಅಷ್ಟು ವರ್ಷ ಯಾರೂ ಮುಟ್ಟದ ಮಣ್ಣು, ಕುಂಬಳದ ಬಳ್ಳಿ ಗೋಡೆ ಹತ್ತಿ ಆಚೆ ಬೀದಿಗೆ ಇಣುಕಿತು. ಬೆಳಿಗ್ಗೆ ಅಕ್ಕ ಸೊಪ್ಪಿನ ಕಟ್ಟು ಮಾಡುತ್ತಿದ್ದಳು, ನಾನು ಮುಖಕ್ಕೆ ಮಾಸ್ಕ್ ಬಿಗಿದು ಗೇಟಿನ ಆಚೆ ಹಲಗೆ ಹೊಡೆದ ಮನೆಗಳ ಬಾಗಿಲಿಗೆ ಇಟ್ಟು ಬಾಗಿಲು ಬಡಿದು ದೂರ ಓಡುತ್ತಿದ್ದೆ. ಹೊಲಿಗೆಯವಳ ಗಂಡನಿಗೆ ರೋಗ ಬಂದು ಅವರ ಮನೆಗೂ ಹಲಗೆ ಬಿತ್ತು. ಅವಳಿಗೆ ದಿನಾ ಎರಡು ಬದನೆ ಹೆಚ್ಚಿಗೆ ಹೋಗುತ್ತಿತ್ತು. ಒಂದು ದಿನ ಅವಳು ಕಿಟಕಿಯಿಂದ "ಹುಲ್ಲು ಮೇಷ್ಟ್ರಿಗೆ ತುಂಬಾ ಥ್ಯಾಂಕ್ಸ್ ಹೇಳಿ!" ಎಂದು ಕೂಗಿದಳು. ಬೀಜ ಕೊಟ್ಟವಳೇ ಹೀಗೆ ಹೇಳಿದರೆ ಮಿಕ್ಕವರ ಮಾತೇನು? ಬೀದಿಯ ತುಂಬ ಅದು ಹುಲ್ಲು ಮೇಷ್ಟ್ರ ತೋಟ ಎಂದೇ ಆಗಿಹೋಗಿತ್ತು. ನಾನು ನಿಂತು "ಮೇಷ್ಟ್ರದ್ದಲ್ಲ ಕಣ್ರೀ, ಮೇಷ್ಟ್ರು ಹೆಂಡ್ತಿದು!" ಎಂದು ಕೂಗಿದೆ. ಮಾಸ್ಕ್ ಒಳಗೆ ಅದು ಏನೆಂದು ಕೇಳಿಸಿತೋ, ಅವಳು ಕೈ ಬೀಸಿದಳು.

ಕಾರ್ಯದರ್ಶಿ ಒಂದು ದಿನ ಕಾರಿನಲ್ಲಿ ಬಂದ. ಜೊತೆಗೆ ಪತ್ರಿಕೆಯ ಫೋಟೋದವನು. ಭಾವನ ಕೈಗೆ ಒಂದು ಕುಂಬಳಕಾಯಿ ಕೊಟ್ಟು, ಗೋಲುಕಂಬದ ಮುಂದೆ ನಿಲ್ಲಿಸಿ, ಮಾಸ್ಕ್ ಕೆಳಗಿಳಿಸಿ ನಗಲು ಹೇಳಿದರು. ಅಕ್ಕ ಪಕ್ಕದಲ್ಲೇ ಬಕೆಟ್ ಹಿಡಿದು ನಿಂತಿದ್ದಳು. ಫೋಟೋದವನು "ಅಮ್ಮಾ, ಸ್ವಲ್ಪ ಆ ಕಡೆ ಸರೀರಿ" ಎಂದ. ಅಕ್ಕ ಸರಿದಳು. ಭಾವ ನಕ್ಕರು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ಕುಂಬಳಕಾಯಿ ಕೈಯಲ್ಲಿ ಹಿಡಿದುಕೊಂಡು, ಬೆಳೆದವಳು ಎರಡು ಹೆಜ್ಜೆ ದೂರದಲ್ಲಿರುವಾಗ, ಕೈಗೆ ಸಿಕ್ಕಿದ್ದೆಲ್ಲ ಕಿತ್ತು ಬುಟ್ಟಿಗೆ ಹಾಕಿದ ಮನುಷ್ಯ ಹಲ್ಲು ಬಿಟ್ಟುಕೊಂಡು ನಿಂತರಲ್ಲ!

ಪತ್ರಿಕೆಯಲ್ಲಿ ಬಂತು. ಭಾವನ ಮುಖ, ಕಾರ್ಯದರ್ಶಿಯ ಮಾತು, ಸಂಘದ ಸೇವೆ. ಫೋಟೋದ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತಿತ್ತು, ಅದು ಅಕ್ಕನದು. ಭಾವ ಅದಕ್ಕೆ ಚೌಕಟ್ಟು ಹಾಕಿಸಬೇಕೆಂದು ಮಡಿಸಿ ಇಟ್ಟಿದ್ದರು. ಮಾರನೆಯ ದಿನ ಹುಡುಕಿದರೆ ಇಲ್ಲ.

"ಸೊಪ್ಪು ಸುತ್ತಿ ಕಳಿಸ್ದೆ" ಎಂದಳು ಅಕ್ಕ, ತಿರುಗಿಯೂ ನೋಡದೆ. "ಯಾವ ಮನೆಗೆ ಹೋಯ್ತು ಅಂತ ನೆನಪಿಲ್ಲ."

ಆ ದಿನ ನಾನು ಹೊಟ್ಟೆ ತುಂಬ ನಕ್ಕೆ. ಅಕ್ಕ ನಗಲಿಲ್ಲ. ಅವಳೊಳಗೆ ಏನೋ ಗಟ್ಟಿಯಾಗುತ್ತಿತ್ತು, ನನಗೆ ಕಾಣುತ್ತಿತ್ತು. ತೋಟದಲ್ಲಿ ಕೂತಾಗ ಒಮ್ಮೆ ಹೇಳಿದಳು: "ನಂಗೆ ಪೇಪರ್‌ನಲ್ಲಿ ಬರೋದೇನೂ ಬೇಡ ಕಣೇ. ಇದು ನಂದು ಅಂತ ಇವರು ಯಾರ ಮುಂದಾದ್ರೂ ಒಂದ್ಸಲ ಹೇಳ್ಲಿ. ಅಷ್ಟು ಸಾಕು. ಆಮೇಲೆ ತೆಗೀರಿ ಅಂದ್ರೂ ತೆಗೀತೀನಿ."

ನಿರ್ಬಂಧಗಳು ಒಂದೊಂದಾಗಿ ಸಡಿಲವಾದವು. ಹಲಗೆಗಳನ್ನು ಕಿತ್ತರು, ಹೊಲಿಗೆಯವಳ ಗಂಡ ಕೋಲೂರಿಕೊಂಡು ಬಾಗಿಲಿಗೆ ಬಂದ, ಬಸ್ಸುಗಳು ಅರ್ಧ ಖಾಲಿಯಾಗಿ ಓಡತೊಡಗಿದವು. ನನಗೆ ಕೆಲಸಕ್ಕೆ ಬರಲು ಹೇಳಿ ಕಳಿಸಿದರು. ಬಟ್ಟೆ ಕಟ್ಟಿಕೊಳ್ಳುತ್ತಿದ್ದ ದಿನವೇ ಸಂಘದ ಕಚೇರಿಯಿಂದ ಫೋನು ಬಂತು. ಪಂದ್ಯಗಳು ಶುರುವಾಗುತ್ತವೆ, ಮೈದಾನವನ್ನು ಮೊದಲಿದ್ದ ಹಾಗೆ ಮಾಡಿ, ನಾಳೆ ಕಾರ್ಯದರ್ಶಿಗಳು ನೋಡಲು ಬರುತ್ತಾರೆ.

ಭಾವ ಫೋನು ಇಟ್ಟು ಅಕ್ಕನ ಮುಖ ನೋಡದೆ ಹೇಳಿದರು. "ಮೊದಲಿದ್ದ ಹಾಗೆ ಅಂದಿದಾರೆ."

"ಅಂದ್ರೆ?"

"ಅಂದ್ರೆ... ಮೊದಲಿದ್ದ ಹಾಗೆ."

"ನೀವೇನಂದ್ರಿ?"

"ಆಗ್ಲಿ ಅಂದೆ. ಇನ್ನೇನು ಹೇಳ್ಲಿ?"

ನನ್ನ ಚೀಲವನ್ನು ನಾನು ಬಿಚ್ಚಿ ಮಂಚದ ಮೇಲೆ ಸುರಿದೆ. ಬಸ್ಸು ಇಷ್ಟು ದಿನ ಕಾದಿದೆ, ಇನ್ನೊಂದು ದಿನ ಕಾಯಲಿ.

ಮಾರನೆಯ ಬೆಳಿಗ್ಗೆ ಭಾವ ರೋಲರ್ ಎಳೆದುಕೊಂಡು ಮೂಲೆಗೆ ಬಂದಾಗ ಅಕ್ಕ ಬದನೆ ಮಡಿಯ ನಡುವೆ ಕೈ ಕಟ್ಟಿಕೊಂಡು ನಿಂತಿದ್ದಳು. ಸುತ್ತ ಕಾಯಿಗಳು ಹೊಳೆಯುತ್ತಿದ್ದವು. ಭಾವ ಹಗ್ಗದ ಆಚೆ ನಿಂತರು. "ಬಾ ಈ ಕಡೆ" ಎಂದರು. "ಹೇಳಿದ್ದು ಮಾಡ್ದೇ ಇದ್ರೆ ಹೇಗೆ? ನನ್ನ ಕಷ್ಟ ಅರ್ಥ ಮಾಡ್ಕೋ" ಎಂದರು. ಅಕ್ಕ ಅಲುಗಲಿಲ್ಲ. ಆ ಹೊತ್ತಿಗೆ ಕಾರು ಬಂತು. ಕಾರ್ಯದರ್ಶಿ ಇಳಿದು, ಮಾಸ್ಕ್ ಸರಿ ಮಾಡಿಕೊಳ್ಳುತ್ತ, ಓಟದ ದಾರಿಯ ಮೇಲೆ ನಡೆದು ಬಂದ.

"ಏನಿದು ಬೆಳಿಗ್ಗೆ ಬೆಳಿಗ್ಗೆ? ಏನಾಯ್ತು ಮೇಷ್ಟ್ರೇ?"

"ಮೊದಲಿದ್ದ ಹಾಗೆ ಮಾಡಿ ಅಂದಿದ್ರಲ್ಲ ಸಾರ್, ಅದಕ್ಕೇ ಇದನ್ನ..." ಭಾವ ರೋಲರಿನ ಹಿಡಿಯನ್ನು ತೋರಿಸಿದರು.

ನಾನು ಬಾಯಿ ತೆರೆದೆ. ಅಷ್ಟು ತಿಂಗಳು ಕೂಡಿಟ್ಟದ್ದೆಲ್ಲ ನಾಲಿಗೆಯ ಮೇಲೆ ಬಂದು ನಿಂತಿತ್ತು. ಅಕ್ಕ ನನ್ನ ಕಡೆ ಕೈ ಎತ್ತಿ ತಡೆದಳು.

"ನೀನು ಸುಮ್ನಿರು. ಅವರು ಹೇಳ್ಲಿ."

ಎಲ್ಲರೂ ಭಾವನನ್ನು ನೋಡಿದೆವು. ಅವರ ಹಣೆಯಲ್ಲಿ ಬೆವರು ಒಡೆಯಿತು. ಕಾರ್ಯದರ್ಶಿಯ ಬೂಟು ನೋಡಿದರು, ಅಕ್ಕನ ಕಾಲು ನೋಡಿದರು. ಕೊನೆಗೆ ಬಾಯಿ ಬಂತು.

"ಸಾರ್, ಈ ತೋಟ ನಂದಲ್ಲ. ಅವಳದು. ಎಲ್ಲಾ ಅವಳೇ ಮಾಡಿದ್ದು, ನಾನು ಕಿತ್ತು ಹಾಳು ಮಾಡಿದ್ದಷ್ಟೇ. ಅವಳಿಗೆ ಈ ಮೂಲೆ ಬೇಕಂತೆ ಸಾರ್. ಮೊದಲಿಂದ ಕೇಳ್ತಿದಾಳೆ."

ಕಾರ್ಯದರ್ಶಿ ಕಿವಿ ಕೆರೆದುಕೊಂಡ. ಮೂಲೆಯನ್ನು ಒಮ್ಮೆ, ಗೋಡೆಯನ್ನು ಒಮ್ಮೆ ನೋಡಿದ.

"ಬೇಕಂದ್ರೆ ಇಟ್ಕೊಳ್ಳಲಿ ಬಿಡಿ. ಇಲ್ಲಿ ಯಾರು ಆಡ್ತಾರೆ? ನಾನು ಹೇಳಿದ್ದು ಮೈದಾನದ ವಿಷಯ, ಗೆರೆ, ನೆಟ್ಟು, ಅದು. ಇದು ಮೊದಲಿಂದ್ಲೂ ಖಾಲಿ ಬಿದ್ದಿದ್ದ ಜಾಗ. ಯಾವಾಗ ಕೇಳಿದ್ರೂ ಕೊಡ್ತಿದ್ವಿ. ನೀವು ಕೇಳ್ಲೇ ಇಲ್ವಲ್ಲ ಮೇಷ್ಟ್ರೇ?"

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾತಾಡುತ್ತ ಗೋಲುಕಂಬದ ಕಡೆ ಹೊರಟುಹೋದ.

ಭಾವನ ಮುಖ ಅರಳಿತು. ದೊಡ್ಡ ಯುದ್ಧ ಗೆದ್ದವರ ಹಾಗೆ ರೋಲರಿನ ಹಿಡಿ ಬಿಟ್ಟು, ಬೆವರು ಒರೆಸಿಕೊಂಡು, ಅಕ್ಕನ ಕಡೆ ತಿರುಗಿ ನಕ್ಕರು. "ನೋಡಿದ್ಯಾ? ಹೇಳ್ದೆ. ನಿಂಗೆ ಸಿಕ್ತು." ಸುಳ್ಳೇಕೆ, ನನ್ನ ಕೈಯೂ ಚಪ್ಪಾಳೆಗೆ ಎದ್ದಿತ್ತು. ಅಕ್ಕನ ಮುಖ ನೋಡಿದೆ. ಎದ್ದ ಕೈ ಹಾಗೇ ಇಳಿಯಿತು.

"ಕೇಳ್ಲೇ ಇಲ್ವಾ?" ಎಂದಳು ಅಕ್ಕ.

ಭಾವನ ನಗು ಅಲ್ಲೇ ನಿಂತಿತು.

"ಸಂಘದವರು ಒಪ್ಪಲ್ಲ, ಸಂಘದವರು ಒಪ್ಪಲ್ಲ ಅಂತ ನಂಗೆ ಅಷ್ಟು ಸಲ ಹೇಳಿದ್ರಲ್ಲ. ಯಾರನ್ನ ಕೇಳಿ ಬಂದು ಹೇಳ್ತಿದ್ರಿ?"

"ಕೇಳೋದು ಹೇಗೆ ಅಂತ... ಅವರು ಏನಂದ್ಕೋತಾರೋ ಅಂತ..."

"ಒಂದ್ಸಲಾನೂ ಕೇಳಿಲ್ವಾ?"

ಭಾವ ತಲೆ ತಗ್ಗಿಸಿದರು.

ಆಮೇಲೆ ಬಂದ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇಷ್ಟು ವರ್ಷ ಮೈಕಿನಲ್ಲಿ ಕೂಗಿದ ನಾನೇ ಬೆಚ್ಚಿ ಹಿಂದೆ ಸರಿದೆ. ಗೋಲುಕಂಬದ ಹತ್ತಿರ ಕಾರ್ಯದರ್ಶಿ ಫೋನು ಕಿವಿಯಿಂದ ತೆಗೆದು ತಿರುಗಿ ನೋಡಿದ. ಖಾಲಿ ಮೆಟ್ಟಿಲುಗಳಿಗೆ ಬಡಿದು ಅದು ಮತ್ತೆ ನಮ್ಮ ಕಡೆಗೇ ಬಂತು.

"ನಾನು ಸಂಘದ ಮೇಲೆ ಸಿಟ್ಟು ಮಾಡ್ಕೊಂಡಿದ್ನಲ್ರೀ ಇಷ್ಟು ವರ್ಷ! ಮುಖಾನೇ ನೋಡದೇ ಇರೋರನ್ನೆಲ್ಲ ಶಪಿಸ್ಕೊಂಡು ಬಟ್ಟೆ ಒಗೀತಿದ್ನಲ್ರೀ! ಕೈಯಲ್ಲಿ ಕಸುವಿತ್ತು ಆಗ. ಈಗ ಒಂದು ಗಿಡ ನೆಡೋಕೆ ಕೂತ್ರೆ ನಿಮ್ಮ ನಾದಿನಿ ಬಂದು ಎಬ್ಬಿಸ್ಬೇಕು ನನ್ನ. ಮಣ್ಣೂ ಇಲ್ಲೇ ಇತ್ತು, ನಾನೂ ಇಲ್ಲೇ ಇದ್ದೆ. ಬೇಡ ಅಂದೋರು ಯಾರೂ ಇರ್ಲಿಲ್ಲ. ನೀವೊಬ್ರೇ ಇದ್ರಿ!"